ಸಿಂಗರ್ 15ಕೆ ಕಾಲು ಮಿಷನ್ನಿನಲ್ಲಿ 14 ಔನ್ಸ್ ಡೆನಿಮ್: ಬಿಚ್ಚಿದ್ದು, ಕೆಡಿಸಿದ್ದು, ಸರಿಪಡಿಸಿದ್ದು

ಗುರಿ ಇಷ್ಟೇ: 14 ಔನ್ಸ್ ಸೆಲ್ವೆಡ್ಜ್ (ನೇಯ್ಗೆಯಲ್ಲೇ ಅಂಚು ಕಟ್ಟಿದ ಬಟ್ಟೆಯ) ಜೀನ್ಸಿನ ಕಾಲಂಚನ್ನು ಹಳೇ ಕಾಲು ಮಿಷನ್ನಿನಲ್ಲಿ ಮೋಟಾರಿಲ್ಲದೆ ಹೊಲಿಯಬೇಕು, ಒಂದು ಹೊಲಿಗೆಯೂ ಬಿಡಬಾರದು. ಔನ್ಸ್ ಲೆಕ್ಕ ಒಂದು ಚದರ ಗಜ ಬಟ್ಟೆಯ ತೂಕದ್ದು. 14 ಔನ್ಸ್ ಎಂದರೆ ಚದರ ಮೀಟರಿಗೆ ಸುಮಾರು 475 ಗ್ರಾಂ, ಅಂಗಿ ಬಟ್ಟೆಯ ಮೂರು ನಾಲ್ಕು ಪಟ್ಟು.

ಮಿಷನ್ನು ಸಿಂಗರ್ 15ನೇ ವರ್ಗದ್ದು. 15ಕೆ ಅನ್ನುವಲ್ಲಿನ ಕೆ, ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ ಕಿಲ್‌ಬೋವಿ ಕಾರ್ಖಾನೆಯ ಗುರುತು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ತಳದಲ್ಲಿ ಕೊರೆದ ಸಂಖ್ಯೆ ವೈ ಅಕ್ಷರದಿಂದ ಶುರುವಾಗುತ್ತದೆ, ಹಾಗಾಗಿ ಇದು 1920ರ ದಶಕ ಅಥವಾ 1930ರ ದಶಕದ ಮೊದಲರ್ಧದ್ದು. ಈ ವರ್ಗವನ್ನೇ ಆರಿಸಿದ್ದಕ್ಕೆ ಕಾರಣ ಚಂದವಲ್ಲ, ಬಿಡಿಭಾಗ. ನಮ್ಮಲ್ಲಿ ಮನೆಮನೆಯಲ್ಲಿರುವ ಕಪ್ಪು ಮಿಷನ್ನುಗಳು ಬಹುಪಾಲು ಇದೇ ಅಚ್ಚಿನವು. ಬಾಬಿನ್ (ಕೆಳದಾರದ ಉರುಳೆ), ಬಾಬಿನ್ ಕೇಸ್ (ಅದರ ಗೂಡು), ಶಟಲ್ (ಸೂಜಿಯ ದಾರದ ಕುಣಿಕೆಯನ್ನು ಕೊಕ್ಕಿನಿಂದ ಹಿಡಿಯುವ ಭಾಗ), ಸ್ಪ್ರಿಂಗ್ ಎಲ್ಲವೂ ತಾಲ್ಲೂಕು ಕೇಂದ್ರದ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲೇ ಸಿಗುತ್ತವೆ. ದೋಣಿಯಾಕಾರದ ಉದ್ದ ಶಟಲಿನ ಇನ್ನೂ ಹಳೇ ಸಿಂಗರ್ ನೋಡಲು ಸೊಗಸು, ಆದರೆ ಅದರ ಶಟಲ್ ಹುಡುಕುವುದರಲ್ಲೇ ವರ್ಷ ಕಳೆಯುತ್ತದೆ.

ಹೆಡ್ಡು ಮತ್ತು ಬೀಡುಕಬ್ಬಿಣದ ಸ್ಟ್ಯಾಂಡು ಸೇರಿ 3,200 ರೂಪಾಯಿ.

ಜೂನ್ 7. ತಪಾಸಣೆ

ಕೈಚಕ್ರ ಕಾಲು ಸುತ್ತು ತಿರುಗಿ ನಿಲ್ಲುತ್ತದೆ. ಸೂಜಿ ಕಂಬಿ ಅಲುಗುವುದಿಲ್ಲ. ಹೊಲಿಗೆ ಉದ್ದದ ತಿರುಪು ಕಚ್ಚಿಕೊಂಡಿದೆ. ಪ್ರೆಸ್ಸರ್ ಫೂಟ್ (ಬಟ್ಟೆಯನ್ನು ಒತ್ತಿಹಿಡಿಯುವ ಪಾದ) ಎತ್ತಿದರೆ ಮೇಲೆಯೇ ನಿಲ್ಲುತ್ತದೆ, ತಾನಾಗಿ ಇಳಿಯುವುದಿಲ್ಲ. ತುಕ್ಕು ಇರುವುದು ಸ್ಲೈಡ್ ಪ್ಲೇಟ್ ಮತ್ತು ಬಾಬಿನ್ ಕೇಸಿನ ಮೇಲೆ ಮಾತ್ರ. ಒಳಗೆಲ್ಲ ಜೇನುಬಣ್ಣದ ಅಂಟು.

ಈ ಅಂಟು ಬಂದದ್ದು ಅಡುಗೆ ಎಣ್ಣೆಯಿಂದ. ಮಿಷನ್ ಎಣ್ಣೆ ಮುಗಿದಾಗ ಮನೆಯಲ್ಲಿದ್ದ ಎಣ್ಣೆ ಬಿಡುವುದು ವಾಡಿಕೆ. ಅಡುಗೆಯ ಎಣ್ಣೆಗಳಲ್ಲಿ ಹಲವು ಗಾಳಿಗೆ ಕ್ರಮೇಣ ಗಟ್ಟಿಯಾಗಿ ಅರಗಿನ ಹಾಗೆ ಕೂರುತ್ತವೆ. ಹೀಗೆ ಕಚ್ಚಿದ ಮಿಷನ್ನನ್ನು ಜನ ಕೆಟ್ಟುಹೋಗಿದೆ ಎಂದು ಗುಜರಿಗೆ ಹಾಕುತ್ತಾರೆ. ಕೆಟ್ಟಿರುವುದಿಲ್ಲ, ಅಂಟಿಕೊಂಡಿರುತ್ತದೆ ಅಷ್ಟೆ. ಕೈಚಕ್ರವನ್ನು ಬಲವಂತವಾಗಿ ತಿರುಗಿಸಿದರೆ ಮಾತ್ರ ನಿಜವಾಗಿ ಕೆಡುತ್ತದೆ.

ಜೂನ್ 8ರಿಂದ 10. ಜಿಡ್ಡು ಬಿಡಿಸುವುದು

ಸೂಜಿ, ಫೂಟ್, ಸೂಜಿ ತಟ್ಟೆ, ಸ್ಲೈಡ್ ಪ್ಲೇಟ್, ಎಡಬದಿಯ ಮುಖಫಲಕ ಬಿಚ್ಚಿದ್ದು. ಸ್ಕ್ರೂಗಳನ್ನು ರಟ್ಟಿನ ಮೇಲೆ ಮಿಷನ್ನಿನ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಟ್ಟದ್ದು. ಸಿಂಗರ್ ಸ್ಕ್ರೂಗಳ ಎಳೆ ಬೇರೆ, ಹಾರ್ಡ್‌ವೇರ್ ಅಂಗಡಿಯದು ಕೂರುವುದಿಲ್ಲ. ಕಳೆದರೆ ಇನ್ನೊಂದು ಹಳೇ ಮಿಷನ್ನಿನಿಂದ ತೆಗೆಯಬೇಕಾದೀತು.

ಎಣ್ಣೆ ಬಿಡುವ ಪ್ರತಿ ತೂತಿಗೂ, ಲೋಹ ಲೋಹಕ್ಕೆ ಉಜ್ಜುವ ಪ್ರತಿ ಜಾಗಕ್ಕೂ ಸಿರಿಂಜಿನಲ್ಲಿ ಸೀಮೆಎಣ್ಣೆ ಮೂರು ನಾಲ್ಕು ಹನಿ. ಒಂದು ರಾತ್ರಿ ಬಿಟ್ಟದ್ದು. ಬೆಳಿಗ್ಗೆ ಕೂದಲು ಒಣಗಿಸುವ ಯಂತ್ರದಿಂದ ಸೂಜಿ ಕಂಬಿಯ ಸುತ್ತ ಐದು ನಿಮಿಷ ಬಿಸಿಗಾಳಿ ಹಾಯಿಸಿ ಕೈಚಕ್ರ ಹಿಂದೆ ಮುಂದೆ ಆಡಿಸಿದಾಗ ಅರ್ಧ ಸುತ್ತು ಬಂತು. ಸೀಮೆಎಣ್ಣೆಗೆ ಬಿಸಿಗಾಳಿ ಹಿಡಿಯುವುದು ಬೆಂಕಿಯ ಕೆಲಸ. ಮೇಲೆ ನಿಂತ ಹನಿಯನ್ನೆಲ್ಲ ಬಟ್ಟೆಯಿಂದ ಒರೆಸಿ, ವಾಸನೆ ಪೂರ್ತಿ ಹೋದ ಮೇಲೆ, ಬಯಲಿನಲ್ಲಿ ಮಾತ್ರ. ಮೂರನೇ ದಿನ ಸಂಜೆ ಪೂರ್ತಿ ಸುತ್ತು ಹಗುರಾಗಿ ತಿರುಗಿತು. ಸೀಮೆಎಣ್ಣೆ ತೊಳೆಯುತ್ತದೆ, ಜಾರಿಕೆ ಕೊಡುವುದಿಲ್ಲ. ಅದೇ ದಿನ ಎಲ್ಲ ಕಡೆ ಬಿಳಿ ಮಿಷನ್ ಎಣ್ಣೆ ಹಾಕದಿದ್ದರೆ ಒಣ ಲೋಹ ಸವೆಯುತ್ತದೆ.

ತಪ್ಪು 1: ಬಂಗಾರ ಬಣ್ಣದ ಚಿತ್ತಾರದ ಮೇಲಿನ ಕೊಳೆಗೆ ಥಿನ್ನರ್ ಹಚ್ಚಿದ್ದು. ಚಿತ್ತಾರದ ಮೇಲಿರುವ ಮೆರುಗು ಅರಗಿನದು, ಥಿನ್ನರಿಗೂ ಸ್ಪಿರಿಟಿಗೂ ಕರಗುತ್ತದೆ. ಕಂಬದ ಬುಡದಲ್ಲಿ ಎರಡು ಬೆರಳಗಲ ಬೆಳ್ಳಗಾಯಿತು, ಇನ್ನು ಅದು ಹಾಗೆಯೇ. ಉಳಿದ ಭಾಗವನ್ನು ಮಿಷನ್ ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದಲೇ ಒರೆಸಿದ್ದು. ನಿಧಾನ, ಆದರೆ ಹತ್ತಿ ಕಪ್ಪಾಗುತ್ತ ಹೋಗುತ್ತದೆ, ಚಿತ್ತಾರ ಉಳಿಯುತ್ತದೆ.

ಜೂನ್ 11. ಶಟಲ್

ಬಾಬಿನ್ ಕೇಸ್ ಹೊರತೆಗೆದು, ಶಟಲ್ ಹಿಡಿದಿರುವ ಉಂಗುರದ ಎರಡು ಸ್ಕ್ರೂ ಬಿಚ್ಚಿದರೆ ಶಟಲ್ ಕೈಗೆ ಬರುತ್ತದೆ. ಹಿಂದೆ ಹಳೇ ದಾರದ ಉಂಡೆ, ಅದರೊಳಗೆ ಮುರಿದ ಸೂಜಿಯ ತುದಿ. ಶಟಲಿನ ಕೊಕ್ಕಿನ ಮೇಲೆ ಉಗುರು ಆಡಿಸಿದಾಗ ಒಂದು ಕಡೆ ತಡೆಯಿತು, ಮುರಿದ ಸೂಜಿ ತಾಗಿ ಎದ್ದ ಚೂಪು ಅದು. 1000 ನಂಬರಿನ ಎಮರಿ ಪೇಪರಿಗೆ ಎಣ್ಣೆ ಹಾಕಿ, ಕೊಕ್ಕಿನ ಉದ್ದಕ್ಕೆ ಹತ್ತು ಹದಿನೈದು ಸಲ ಉಜ್ಜಿದ್ದು. ಅಡ್ಡ ಉಜ್ಜಬಾರದು, ಮೊನೆಯನ್ನು ಮೊಂಡು ಮಾಡಲೂಬಾರದು. ಪರೀಕ್ಷೆಗೆ ಹಳೇ ನೈಲಾನ್ ಸೀರೆಯ ಚೂರನ್ನು ಕೊಕ್ಕಿನ ಮೇಲೆ ಎಳೆದರೆ ಸಾಕು, ಎಳೆ ಸಿಕ್ಕಿಕೊಂಡರೆ ಇನ್ನೂ ಕೆಲಸ ಬಾಕಿ.

ಜೂನ್ 14. ಕೈಚಕ್ರ ಮತ್ತು ಟೆನ್ಶನ್

ಬಾಬಿನ್ ಸುತ್ತುವಾಗ ಸೂಜಿ ನಿಲ್ಲಬೇಕು. ಅದಕ್ಕೆಂದೇ ಕೈಚಕ್ರದ ನಡುವೆ ದೊಡ್ಡ ತಿರುಪಿದೆ. ಅದರ ಒಳಗಿನ ವಾಷರಿಗೆ ಹೊರಗಡೆ ಮೂರು ಕಿವಿ, ಒಳಗಡೆ ಎರಡು ಹಲ್ಲು. ತೊಳೆದು ವಾಪಸು ಹಾಕಿದ ಮೇಲೆ ತಿರುಪು ಎಷ್ಟು ಬಿಗಿದರೂ ಚಕ್ರ ಸೂಜಿಯನ್ನು ಎಳೆಯಲಿಲ್ಲ. ತಪ್ಪು 2: ವಾಷರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದ್ದು. ಒಳಹಲ್ಲು ಎರಡೂ ಕಡೆ ಕೂರುವುದರಿಂದ ನೋಡಲು ಸರಿಯಾಗಿಯೇ ಕಾಣುತ್ತದೆ, ಆದರೆ ತಿರುಪಿನ ಪುಟ್ಟ ಸ್ಕ್ರೂ ತಪ್ಪಾದ ಕಿವಿಗೆ ತಾಗಿ ಅರ್ಧದಲ್ಲೇ ನಿಲ್ಲುತ್ತದೆ. ವಾಷರ್ ಹೊರತೆಗೆದು 180 ಡಿಗ್ರಿ ತಿರುಗಿಸಿದರೆ ಮುಗಿಯಿತು. ಬಿಚ್ಚುವ ಮೊದಲು ವಾಷರಿಗೂ ದಂಡಕ್ಕೂ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿದ್ದರೆ ಮುಕ್ಕಾಲು ಗಂಟೆ ಉಳಿಯುತ್ತಿತ್ತು.

ಮೇಲ್ದಾರವನ್ನು ಬಿಗಿಹಿಡಿಯುವ ಟೆನ್ಶನ್ ಬಿಚ್ಚುವಾಗ ಪ್ರತಿ ತುಂಡಿನ ಫೋಟೊ. ಎರಡು ಬಿಲ್ಲೆಗಳ ಉಬ್ಬಿದ ಮುಖಗಳು ಒಂದಕ್ಕೊಂದು ಎದುರಾಗಿರಬೇಕು. ಅವುಗಳ ಮುಂದೆ ಅಡ್ಡಪಟ್ಟಿಯ ವಾಷರ್, ಆಮೇಲೆ ಸ್ಪ್ರಿಂಗ್, ಕೊನೆಗೆ ನಟ್. ನಡುವೆ ಸೂಜಿಯಷ್ಟು ಸಣ್ಣ ಪಿನ್ ಒಂದಿದೆ. ಫೂಟ್ ಎತ್ತಿದಾಗ ಬಿಲ್ಲೆಗಳನ್ನು ಸಡಿಲಿಸುವುದು ಅದರ ಕೆಲಸ. ಬಿದ್ದರೆ ಸದ್ದೂ ಆಗುವುದಿಲ್ಲ, ಬಿಳಿ ಬಟ್ಟೆ ಹಾಸಿಯೇ ಬಿಚ್ಚಬೇಕು. ದಾರವನ್ನು ಹಿಂದಕ್ಕೆ ಎಳೆಯುವ ಸಣ್ಣ ಸ್ಪ್ರಿಂಗ್ ತುಕ್ಕಿಗೆ ತೆಳುವಾಗಿತ್ತು, ಹೊಸದಕ್ಕೆ 25 ರೂಪಾಯಿ.

ಜೂನ್ 15. ಸ್ಟ್ಯಾಂಡು, ಬೆಲ್ಟು

ದುಂಡು ಚರ್ಮದ ಬೆಲ್ಟು, 5 ಮಿ.ಮೀ. ದಪ್ಪ, 72 ಇಂಚು, ಕೊಕ್ಕೆ ಸೇರಿ 110 ರೂಪಾಯಿ. ತುದಿಯಿಂದ 6 ಮಿ.ಮೀ. ಬಿಟ್ಟು ತೂತು. ಮೊದಲ ಸಲ ಬಿಗಿಯಾಗಲಿ ಎಂದು ಒಂದು ಇಂಚು ಹೆಚ್ಚಿಗೆ ಕತ್ತರಿಸಿ ಪೆಡಲ್ ಭಾರವಾಯಿತು. ಬೆಲ್ಟು ಜಾರದಷ್ಟು ಬಿಗಿ ಸಾಕು. ಹೊಸ ಚರ್ಮ ಒಂದು ವಾರದಲ್ಲಿ ಹಿಗ್ಗಿತು, ಆ ತಪ್ಪು ತಾನಾಗಿ ಸರಿಹೋಯಿತು. ಪೆಡಲಿನ ಎರಡು ಮೊನೆ ತಿರುಪುಗಳನ್ನು ಕುಲುಕಾಟ ಹೋಗುವಷ್ಟೇ ಬಿಗಿದು ಎಣ್ಣೆ ಹಾಕಿದ್ದು.

ಜೂನ್ 21. ಮೊದಲ ಹೊಲಿಗೆ, ಮೊದಲ ಸೋಲು

ಎರಡು ಪದರ ಕಾಟನ್ ಮೇಲೆ ಹೊಲಿಗೆ ಅಚ್ಚುಕಟ್ಟು. ಡೆನಿಮ್ ಪ್ರಯೋಗಕ್ಕೆ ಬಳ್ಳಾರಿಯ ಜೀನ್ಸ್ ಘಟಕಗಳಿಂದ ಬರುವ ಕಟಿಂಗ್ ಚೂರು, 2 ಕೆ.ಜಿ.ಗೆ 160 ರೂಪಾಯಿ. 10ರಿಂದ 14 ಔನ್ಸಿನವರೆಗೆ ಎಲ್ಲ ಬೆರೆತು ಬರುತ್ತದೆ, ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ನಾಲ್ಕು ಪದರ 14 ಔನ್ಸಿನಲ್ಲಿ ಪ್ರತಿ ನಾಲ್ಕೈದಕ್ಕೆ ಒಂದು ಹೊಲಿಗೆ ಬಿಟ್ಟಿತು.

ತಪ್ಪು 3, ಎಲ್ಲಕ್ಕಿಂತ ದೊಡ್ಡದು: ಶಟಲ್ ಮತ್ತು ಸೂಜಿಯ ಟೈಮಿಂಗ್ (ಎರಡೂ ಸಂಧಿಸುವ ಹೊಂದಾಣಿಕೆ) ತಪ್ಪಿದೆ ಎಂದು ತೀರ್ಮಾನಿಸಿ ಸೂಜಿ ಕಂಬಿಯ ಸ್ಕ್ರೂ ಸಡಿಲಿಸಿದ್ದು. ಅರ್ಧ ಮಿ.ಮೀ. ಇಳಿಸಿದಾಗ ಇನ್ನೂ ಹೆಚ್ಚು ಬಿಟ್ಟಿತು, ಏರಿಸಿದಾಗ ಕಾಟನ್ನಿನಲ್ಲೂ ಬಿಡತೊಡಗಿತು. ಮೂರು ಗಂಟೆ ಹೀಗೆ ಹೋಯಿತು.

ತೊಂದರೆ ಇದ್ದದ್ದು ಸೂಜಿಯಲ್ಲಿ. ದಪ್ಪ ಬಟ್ಟೆಗೆ 18ರ ಸೂಜಿ ಎಂದು ಕೇಳಿದಾಗ ಅಂಗಡಿಯಲ್ಲಿ ಕೊಟ್ಟದ್ದು ಡಿಬಿ×1, ಕಾರ್ಖಾನೆಗಳ ಪವರ್ ಮಿಷನ್ನಿನದು. ಈ ಮಿಷನ್ನಿಗೆ ಬೇಕಾದದ್ದು ಎಚ್ಎ×1, ಅಂದರೆ ಒಂದು ಬದಿ ಚಪ್ಪಟೆ ಇರುವ ಮನೆ ಮಿಷನ್ ಸೂಜಿ. ಎರಡರ ಉದ್ದ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಹಿಡಿಕೆಯಲ್ಲಿ ಕೂತುಬಿಡುತ್ತದೆ. ಆದರೆ ಡಿಬಿ×1ರ ಬುಡ ದುಂಡು, ದಪ್ಪ 1.6 ಮಿ.ಮೀ. ಮಾತ್ರ. ಎಚ್ಎ×1ರದು 2 ಮಿ.ಮೀ. ತೆಳು ಬುಡ ಹಿಡಿಕೆಯಲ್ಲಿ ಓರೆಯಾಗಿ ನಿಂತು ಸೂಜಿ ಶಟಲಿನ ಕೊಕ್ಕಿನಿಂದ ದೂರ ಸರಿಯುತ್ತದೆ. ಚಪ್ಪಟೆ ಬದಿ ಇಲ್ಲದ್ದರಿಂದ ಕಣ್ಣು ಎತ್ತ ತಿರುಗಿದೆ ಎಂಬುದಕ್ಕೂ ಖಾತ್ರಿ ಇಲ್ಲ. ತೆಳು ಬಟ್ಟೆಯಲ್ಲಿ ದಾರದ ಕುಣಿಕೆ ದೊಡ್ಡದಾಗಿ ಏಳುವುದರಿಂದ ಕೊಕ್ಕಿಗೆ ಹೇಗೋ ಸಿಗುತ್ತದೆ, ದಪ್ಪದಲ್ಲಿ ಸಿಗುವುದಿಲ್ಲ. ಹಾಗಾಗಿಯೇ ಇದು ಟೈಮಿಂಗ್ ದೋಷದ ಹಾಗೆ ಕಾಣುತ್ತದೆ.

ಜೂನ್ 22. ಕೆಡಿಸಿದ್ದನ್ನು ಸರಿಪಡಿಸುವುದು

ಎಚ್ಎ×1ರಲ್ಲಿ 16 ಮತ್ತು 18ರ ಒಂದೊಂದು ಪ್ಯಾಕೆಟ್, ಒಟ್ಟು 260 ರೂಪಾಯಿ. ಚಪ್ಪಟೆ ಬದಿ ಶಟಲ್ ಕೊಕ್ಕಿನ ಕಡೆ, ಉದ್ದ ಗೀರು ದಾರ ಪೋಣಿಸುವ ಕಡೆ. ಬುಡ ಮೇಲಿನ ತಡೆಗೆ ತಾಗುವವರೆಗೆ ಒತ್ತಿ ಬಿಗಿಯಬೇಕು.

ಸೂಜಿ ಕಂಬಿಯ ಮೇಲೆ ಎರಡು ಸಣ್ಣ ಗೆರೆಗಳಿವೆ, ಜಿಡ್ಡು ಒರೆಸಿದರೆ ಕಾಣುತ್ತವೆ. ಸೂಜಿ ತೀರಾ ಕೆಳಗಿದ್ದಾಗ ಮೇಲಿನ ಗೆರೆ ಕಂಬಿ ಹೊರಬರುವ ಬುಷ್ಷಿನ (ಕೊಳವೆಯ) ಅಂಚಿಗೆ ಸಮ ಇರಬೇಕು. ಕೈಚಕ್ರವನ್ನು ತನ್ನತ್ತ ತಿರುಗಿಸಿ, ಕಂಬಿ ಸುಮಾರು 2.4 ಮಿ.ಮೀ. ಏರಿ ಕೆಳಗೆರೆ ಅದೇ ಅಂಚಿಗೆ ಬಂದಾಗ ಶಟಲಿನ ಕೊಕ್ಕು ಸೂಜಿಯ ನಡುವಿಗೆ ಬರಬೇಕು, ಸೂಜಿಯ ಕಣ್ಣಿಗಿಂತ ತುಸು ಮೇಲೆ. ಮೇಲುಗೆರೆ ಹೊಂದಿಸಿದ ತಕ್ಷಣ ಉಳಿದದ್ದೆಲ್ಲ ತಾನಾಗಿ ಕೂತಿತು. ಅಂದರೆ ಕಾರ್ಖಾನೆಯ ಟೈಮಿಂಗ್ ಸರಿಯಾಗಿಯೇ ಇತ್ತು. ಇಂಥ ಮಿಷನ್ನಿನಲ್ಲಿ ಟೈಮಿಂಗ್ ತಾನಾಗಿ ತಪ್ಪುವುದು ಬಲು ಅಪರೂಪ, ಯಾರೋ ಸ್ಕ್ರೂ ಮುಟ್ಟಿದ್ದರೆ ಮಾತ್ರ. ಹೊಲಿಗೆ ಬಿಟ್ಟರೆ ಮೊದಲು ಸೂಜಿ ಬದಲಿಸಿ, ಎರಡನೆಯದು ದಾರ ಪೋಣಿಸಿದ ರೀತಿ, ಮೂರನೆಯದು ಫೂಟಿನ ಒತ್ತಡ. ಸೂಜಿ ಕಂಬಿ ಕಟ್ಟಕಡೆಗೆ.

ನಾಲ್ಕು ಪದರದಲ್ಲಿ ಈಗ ಹೊಲಿಗೆ ಬಿಡುತ್ತಿಲ್ಲ. ಆದರೆ ಪ್ರತಿ ಹೊಲಿಗೆಗೂ ಕೆಳಗಿನಿಂದ ಟಕ್ ಎಂಬ ಸದ್ದು, ಒಂದು ಮೊಳಕ್ಕೊಮ್ಮೆ ಮೇಲ್ದಾರ ತುಂಡು. 60 ರೂಪಾಯಿಯ ಹೊಸ ಬಾಬಿನ್ ಕೇಸಿನ ತಪ್ಪು ಅದು. ಕೇಸಿನಿಂದ ಚಾಚಿದ ಬೆರಳು ಉಂಗುರದ ಕಚ್ಚಿನಲ್ಲಿ ಕೂರುತ್ತದೆ, ಮೇಲ್ದಾರ ಆ ಸಂದಿಯಿಂದಲೇ ನುಸುಳಿ ಹೋಗಬೇಕು. ಅಗ್ಗದ ಕೇಸಿನ ಬೆರಳು ದಪ್ಪ. ತೆಳು ದಾರ ನುಸುಳುತ್ತಿತ್ತು, ಜೀನ್ಸ್ ದಾರಕ್ಕೆ ಜಾಗ ಸಾಲಲಿಲ್ಲ. 120 ರೂಪಾಯಿಯದು ತಂದು ಹಾಕಿದಾಗ ಸದ್ದು ನಿಂತಿತು. ಅಂಗಡಿಗೆ ಹಳೇ ಕೇಸ್ ಒಯ್ದು ಬೆರಳಿಗೆ ಬೆರಳು ಹೋಲಿಸಿ ಕೊಳ್ಳುವುದು ಒಳ್ಳೆಯದು.

ಜೂನ್ 28. ದಾರ ಮತ್ತು ಸೂಜಿಯ ಜೋಡಿ

ದಾರದ ಟಿಕೆಟ್ ನಂಬರ್ ಕಡಿಮೆಯಾದಷ್ಟೂ ದಾರ ದಪ್ಪ. ಸಾಮಾನ್ಯ ಅಂಗಿ ದಾರ 120. ನಾಲ್ಕು ಪದರ 14 ಔನ್ಸಿನ ಮೇಲೆ ಮಾಡಿದ ಪ್ರಯೋಗಗಳು ಹೀಗೆ:

ಮೇಲೆ 20, ಸೂಜಿ 18: ದಾರ ಕಣ್ಣಿನಲ್ಲಿ ಉಜ್ಜಿ ನಾರು ನಾರಾಗಿ ಕಿತ್ತಿತು. ಈ ಮಿಷನ್ನಿಗೆ ಇದು ಅತಿಯಾಯಿತು.

ಮೇಲೆ 30, ಸೂಜಿ 16: ಹತ್ತು ಸೆಂ.ಮೀ. ಚೆನ್ನಾಗಿ ಹೋಗಿ ತುಂಡಾಯಿತು. ಸೂಜಿಯೂ ಬಾಗಿತು.

ಮೇಲೆ ಕೆಳಗೆ ಎರಡೂ 30, ಸೂಜಿ 18: ಹೊಲಿಗೆ ಗಟ್ಟಿ, ಆದರೆ ಗಂಟು ಬಟ್ಟೆಯೊಳಗೆ ಮುಳುಗುವುದಿಲ್ಲ, ಒಂದಲ್ಲ ಒಂದು ಬದಿಗೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಬಾಬಿನ್ನೂ ಬೇಗ ಖಾಲಿ.

ಮೇಲೆ 30, ಬಾಬಿನ್ನಿನಲ್ಲಿ 75, ಸೂಜಿ 18: ಇದೇ ಕೊನೆಗೆ ಉಳಿಸಿಕೊಂಡದ್ದು.

ಬಾಬಿನ್ ಕೇಸನ್ನು ದಾರದಿಂದ ತೂಗಿಬಿಟ್ಟು ಮಣಿಕಟ್ಟು ಒಮ್ಮೆ ಕುಲುಕಿದರೆ ಎರಡು ಮೂರು ಸೆಂ.ಮೀ. ಇಳಿದು ನಿಲ್ಲಬೇಕು. ಅಷ್ಟಕ್ಕೆ ಹೊಂದಿಸಿ ಮತ್ತೆ ಮುಟ್ಟಬಾರದು, ಮಿಕ್ಕ ಹೊಂದಾಣಿಕೆ ಮೇಲಿನ ನಟ್ಟಿನಲ್ಲೇ. ಕೆಳಗಡೆ ಕುಣಿಕೆ ಕಂಡಾಗ ಮೇಲಿನ ನಟ್ ಒಂದೂವರೆ ಸುತ್ತು ಬಿಗಿದದ್ದು. ದಾರ ಪೋಣಿಸುವಾಗ ಫೂಟ್ ಎತ್ತಿರಲೇಬೇಕು, ಇಳಿದಿದ್ದರೆ ದಾರ ಬಿಲ್ಲೆಗಳ ನಡುವೆ ಹೋಗದೆ ಮೇಲೆಯೇ ಉಳಿದು ಕೆಳಗೆ ಹಕ್ಕಿಗೂಡು ಕಟ್ಟುತ್ತದೆ. ಫೂಟಿನ ಒತ್ತಡದ ತಿರುಪು ಎರಡು ಸುತ್ತು ಒಳಕ್ಕೆ: ಒತ್ತಡ ಸಾಲದಿದ್ದರೆ ಮೇಲೇಳುವ ಸೂಜಿಯ ಜೊತೆ ಬಟ್ಟೆಯೂ ಎದ್ದು ಕುಣಿಕೆ ಮೂಡುವುದಿಲ್ಲ.

ಜೂನ್ 29. ಕಾಲಂಚು, ಬಲಗಾಲು

ಕಾರ್ಖಾನೆಯಿಂದ ಕುಗ್ಗಿಸದೆ ಬಂದ ಡೆನಿಮ್ ಇದು. ಮೊದಲು 60 ಡಿಗ್ರಿ ನೀರಿನಲ್ಲಿ ಒಂದು ಗಂಟೆ ನೆನೆಸಿ, ಹಿಂಡದೆ ನೇತುಹಾಕಿ ಒಣಗಿಸಿದ್ದು. ಒಳಗಾಲಿನ ಉದ್ದ 91 ಸೆಂ.ಮೀ. ಇದ್ದದ್ದು 85.5ಕ್ಕೆ ಬಂತು. ನೆನೆಸದೆ ಕತ್ತರಿಸಿದ್ದರೆ ಪ್ಯಾಂಟು ಐದೂವರೆ ಸೆಂ.ಮೀ. ಗಿಡ್ಡವಾಗುತ್ತಿತ್ತು.

ಹಳೇ ಕೆಲಸದ ಪ್ಯಾಂಟುಗಳ ಹಾಗೆ 10 ಮಿ.ಮೀ. ಅಗಲದ ಅಂಚು ಬೇಕು, ಎರಡು ಮಡಿಕೆ. ತಪ್ಪು 4: ಹತ್ತು ಹತ್ತು ಕೂಡಿ 20 ಮಿ.ಮೀ. ಬಿಟ್ಟು ಕತ್ತರಿಸಿದ್ದು. ಬಟ್ಟೆಯ ದಪ್ಪವೇ ಮಡಿಕೆಯಲ್ಲಿ ಎರಡು ಮಿ.ಮೀ. ನುಂಗುತ್ತದೆ. ಅಂಚು ಎಂಟೂವರೆಗೆ ಇಳಿಯಿತು. ಎಡಗಾಲಿಗೆ 22 ಬಿಟ್ಟಾಗ ಸರಿಬಂತು.

ಒಳಗಾಲಿನ ಹೊಲಿಗೆ ನಾಲ್ಕು ಪದರದ್ದು. ಅಂಚಿನ ಮಡಿಕೆ ಅದನ್ನು ಮೂರು ಪಟ್ಟು ಮಾಡುತ್ತದೆ, 12 ಪದರ. ದಪ್ಪ ಅಳೆಯುವ ವರ್ನಿಯರಿನಲ್ಲಿ 9.5 ಮಿ.ಮೀ. ಫೂಟ್ ಏಳುವುದೇ 7 ಮಿ.ಮೀ. ಅಡಿಗೆ ಕಲ್ಲು, ಮೇಲೆ ಬಟ್ಟೆಯ ಚೂರು, 300 ಗ್ರಾಂ ಸುತ್ತಿಗೆಯಿಂದ ಇಪ್ಪತ್ತು ಏಟು ಕೊಟ್ಟ ಮೇಲೆ 6.5ಕ್ಕೆ ಇಳಿಯಿತು. ಮೇಲೆ ಬಟ್ಟೆ ಹಾಕದೆ ಬಡಿದರೆ ನೀಲಿಯ ಮೇಲೆ ಹೊಳಪಿನ ಕಲೆ ಬೀಳುತ್ತದೆ.

ಬಲಗಾಲನ್ನು ಆ ಉಬ್ಬಿನ ಮೇಲಿಂದಲೇ ಶುರುಮಾಡಿದ್ದು ತಪ್ಪು 5. ಫೂಟ್ ಮೂತಿ ಎತ್ತಿಕೊಂಡು ನಿಂತಿತು, ಬಟ್ಟೆಯನ್ನು ಸಾಗಿಸುವ ಕೆಳಗಿನ ಹಲ್ಲಿಗೆ ಬಟ್ಟೆಯ ಹಿಡಿತ ಸಿಗಲಿಲ್ಲ, ಒಂದೇ ಜಾಗದಲ್ಲಿ ಹತ್ತು ಹೊಲಿಗೆ ಬಿದ್ದು ದಾರ ಗೋಜಲಾಯಿತು. ಬಿಚ್ಚಿ, ಉಬ್ಬು ದಾಟಿ 2 ಸೆಂ.ಮೀ. ಆಚೆಯಿಂದ ಶುರುಮಾಡಿ ಸುತ್ತು ಬಂದದ್ದು. ಉಬ್ಬು ಕೊನೆಗೆ ಬರುತ್ತದೆ. ಅಲ್ಲಿಗೆ ಬಂದಾಗ ಸೂಜಿ ಬಟ್ಟೆಯೊಳಗೇ ಇರಲಿ. ಫೂಟ್ ಎತ್ತಿ, ಹಿಮ್ಮಡಿಯ ಕೆಳಗೆ ಆರು ಪದರ ಡೆನಿಮ್ ಚೂರು ಮಡಿಚಿ ಇಟ್ಟು ಫೂಟನ್ನು ಸಮ ಮಾಡಿ, ಪೆಡಲ್ ಬಿಟ್ಟು ಕೈಚಕ್ರದಿಂದಲೇ ಎಂಟು ಹೊಲಿಗೆ. ಉಬ್ಬು ಇಳಿಯುವಾಗ ಅದೇ ಚೂರು ಮುಂಬದಿಗೆ. ಮೋಟಾರ್ ಇಲ್ಲದ್ದು ಇಲ್ಲಿ ಕೊರತೆಯಲ್ಲ, ಅನುಕೂಲ.

ಹೊಲಿದು ಮುಗಿಸಿ ತಿರುಗಿಸಿದಾಗ ತಪ್ಪು 6 ಕಂಡಿತು: ಹೊರಗಡೆ ಕಾಣುತ್ತಿರುವುದು ಬಾಬಿನ್ನಿನ ತೆಳು 75, ಹಳದಿ ದಪ್ಪ ದಾರವೆಲ್ಲ ಒಳಗೆ. ಪ್ಯಾಂಟು ನೆಟ್ಟಗೆ ಇಟ್ಟು ಕಾಲಿನ ಕೊಳವೆಯೊಳಗೆ ಫೂಟ್ ಇಳಿಸಿದರೆ ಮೇಲ್ಮುಖವಾಗಿ ಬರುವುದು ಒಳಬದಿ.

ಜುಲೈ 5. ಎಡಗಾಲು

ಪ್ಯಾಂಟನ್ನು ಒಳಹೊರಗು ಮಾಡಿ ಕೊಳವೆಯೊಳಗೆ ಫೂಟ್ ಇಳಿಸಿದ್ದು. ಈಗ ಹೊರಬದಿ ಮೇಲೆ, ಮಡಿಕೆ ಕೆಳಗೆ. ಮಡಿಕೆಯ ಅಂಚು ಕಣ್ಣಿಗೆ ಕಾಣದ ಕಾರಣ ಮೊದಲು ಕೈಯಿಂದ ಕಚ್ಚಾ ಹೊಲಿಗೆ ಹಾಕಿ, ಸೂಜಿಯಿಂದ 8.5 ಮಿ.ಮೀ. ದೂರಕ್ಕೆ ಪ್ಲೇಟಿನ ಮೇಲೆ ದಪ್ಪ ಟೇಪು ಅಂಟಿಸಿ ಅದಕ್ಕೆ ತಾಗಿಸಿಕೊಂಡು ಹೊಲಿದದ್ದು. ಇಂಚಿಗೆ ಎಂಟು ಹೊಲಿಗೆಗೆ ಇಟ್ಟದ್ದು ದಪ್ಪದಲ್ಲಿ ಒಂಬತ್ತಾಯಿತು. ಅಡ್ಡಿಯಿಲ್ಲ. ಒಂದೂ ಬಿಟ್ಟಿಲ್ಲ, 22 ನಿಮಿಷ.

ಅಂಚಿನಲ್ಲಿ ಹಗ್ಗದ ಹಾಗೆ ಓರೆ ಸುಕ್ಕು ಬೇಕೆನ್ನುವವರಿಗೆ ಒಂದು ಮಾತು. ಆ ಸುಕ್ಕಿಗೆ ಹೆಸರಾದದ್ದು ಯೂನಿಯನ್ ಸ್ಪೆಷಲ್ 43200ಜಿ ಎಂಬ ಸರಪಳಿ ಹೊಲಿಗೆಯ ಮಿಷನ್ನು. ಮಡಿಕೆಯ ಮೇಲಿನ ಕೆಳಗಿನ ಪದರಗಳು ಅದರಲ್ಲಿ ಒಂದೇ ಸಮ ಸಾಗುವುದಿಲ್ಲ, ತಿರುಚಿಕೊಂಡೇ ಹೊಲಿಗೆ ಬೀಳುತ್ತದೆ, ಒಗೆದ ಮೇಲೆ ಎದ್ದು ಕಾಣುತ್ತದೆ. ಕಾಲು ಮಿಷನ್ನಿನ ಹೊಲಿಗೆಯಲ್ಲಿ ಮೇಲಿನ ಪದರವನ್ನು ಬೆರಳಿನಿಂದ ತುಸು ಮುಂದೆ ದೂಡುತ್ತ ಹೊಲಿದರೆ ಅದರ ನೆರಳಿನಷ್ಟು ಬರುತ್ತದೆ. ಅಷ್ಟಕ್ಕೆ ತೃಪ್ತಿಪಡಬೇಕು. ಬದಲಿಗೆ ಈ ಹೊಲಿಗೆ ಒಂದು ಎಳೆ ತುಂಡಾದರೆ ಸರಪಳಿಯ ಹಾಗೆ ಸರ್ರನೆ ಬಿಚ್ಚಿಕೊಳ್ಳುವುದಿಲ್ಲ.

ಎರಡು ಕಾಲು ಮುಗಿಯುವಷ್ಟರಲ್ಲಿ ಹಲ್ಲಿನ ಸಂದಿಯಲ್ಲಿ ನೀಲಿ ಧೂಳು ಗಟ್ಟಿಯಾಗಿ ತುಂಬಿತ್ತು. ಹೊಸ ಡೆನಿಮ್ಮಿನ ಗಂಜಿಯೂ ಸೇರಿ ಅದು ಬತ್ತಿಯ ಹಾಗಾಗುತ್ತದೆ, ಹಲ್ಲು ಮೇಲೇಳುವುದೇ ಕಡಿಮೆಯಾಗುತ್ತದೆ. ಪ್ರತಿ ಪ್ಯಾಂಟಿಗೊಮ್ಮೆ ಸೂಜಿ ತಟ್ಟೆ ಬಿಚ್ಚಿ ಬ್ರಷ್ಷು, ಶಟಲಿಗೆ ಒಂದು ಹನಿ ಎಣ್ಣೆ.

ಖರ್ಚು

ಮಿಷನ್ನು 3,200. ಸೀಮೆಎಣ್ಣೆ 60, ಮಿಷನ್ ಎಣ್ಣೆ 80, ಎಮರಿ 30, ಬೆಲ್ಟು 110, ಸ್ಪ್ರಿಂಗ್ 25, ಬಾಬಿನ್ ಸುತ್ತುವ ಗಾಲಿಯ ರಬ್ಬರ್ ರಿಂಗ್ 10, ಬಾಬಿನ್ ಕೇಸ್ ಎರಡು 180, ಸರಿಯಾದ ಸೂಜಿ 260, ತಪ್ಪು ಸೂಜಿ 90, ದಾರ 30ರದು 190, 75ರದು 110, ಡೆನಿಮ್ ಚೂರು 160. ಒಟ್ಟು 4,505. ಇದರಲ್ಲಿ ಮೊದಲ ಕೇಸು ಮತ್ತು ತಪ್ಪು ಸೂಜಿ ಸೇರಿ 150 ನೀರಿಗೆ ಹೋಯಿತು. ಪ್ರಯೋಗದ 20ರ ದಾರ ಟೈಲರ್ ಅಂಗಡಿಯ ಉಳಿಕೆ, ಲೆಕ್ಕಕ್ಕಿಲ್ಲ.

ಬಾಕಿ: ಬಲಗಾಲಿನ ಅಂಚು ಪೂರ್ತಿ ಬಿಚ್ಚಿ, ಹೊರಬದಿ ಮೇಲೆ ಮಾಡಿ ಮತ್ತೆ ಹೊಲಿಯಬೇಕು. ಅಗಲ ಎಂಟೂವರೆಯೇ ಉಳಿಯುತ್ತದೆ, ಅದಕ್ಕೆ ಟೇಪನ್ನು 7ಕ್ಕೆ ಸರಿಸಬೇಕು. ಹೊಸ ರಬ್ಬರ್ ರಿಂಗ್ ಹಾಕಿದರೂ ಬಾಬಿನ್ ಒಂದು ಬದಿಗೆ ಉಬ್ಬಿ ಸುತ್ತುತ್ತಿದೆ, ಸುತ್ತುವಾಗ ದಾರಕ್ಕೆ ಬೆರಳಿನ ಆಸರೆ ಕೊಡಲೇಬೇಕು. 18ರ ಸೂಜಿಗಳಲ್ಲಿ ಉಳಿದಿರುವುದು ನಾಲ್ಕು.